ನಮ್ಮದಲ್ಲದ ಕಂಬಳಿ

ಚಿತ್ರದುರ್ಗ
9 ಫೆಬ್ರವರಿ 1981

ಏಕನಾಥಮ್ಮನವರಿಗೆ ವಕೀಲ ಅಂಜನಪ್ಪ ಬರೆಯುವುದು.

ನಿಮ್ಮ ತಮ್ಮನಿಗೆ ಜಾಮೀನು ಸಿಕ್ಕಿದೆ. ಈ ಕಾಗದ ಯಲ್ಲದಕೆರೆ ಮುಟ್ಟುವುದರೊಳಗೆ ಹಾಲಸ್ವಾಮಿ ನಿಮ್ಮ ಜಗುಲಿಯ ಮೇಲೆ ಕೂತು ಮುದ್ದೆ ಮುರಿಯುತ್ತಿರುತ್ತಾನೆ. ಅಳುವುದು ಕರೆಯುವುದು ಏನಿದ್ದರೂ ಅವತ್ತಿಗೇ ಮುಗಿಸಿಬಿಡಿ. ಇನ್ನು ಅಳುವ ಸರದಿ ಸರ್ಕಾರಿ ವಕೀಲರದು.

ಕೋರ್ಟಿನ ಅಂಗಳದಲ್ಲಿ ನಿಮಗೆ ತಲೆಬುಡ ತಿಳಿಯಲಿಲ್ಲ ಎಂದಿರಿ. ಬಿಡಿಸಿ ಹೇಳುತ್ತೇನೆ. ಪೊಲೀಸರ ಕಥೆ ಇಷ್ಟು: ಸಂಕ್ರಾಂತಿ ಕಳೆದ ವಾರ, ನಸುಕಿನಲ್ಲಿ, ಹಾಲಸ್ವಾಮಿ ಹೊಸದುರ್ಗದಿಂದ ಹಿರಿಯೂರಿಗೆ ಶೇಂಗಾ ಲೋಡು ತರುತ್ತಿದ್ದ. ರಸ್ತೆ ದಾಟುತ್ತಿದ್ದ ಕುರಿಮಂದೆಗೆ ಲಾರಿ ನುಗ್ಗಿತು. ಮಂದೆಯ ಮುಂದೆ ನಡೆಯುತ್ತಿದ್ದ ಗೊಲ್ಲರಹಟ್ಟಿಯ ಕಾಟಲಿಂಗಪ್ಪ ಅಲ್ಲೇ ಸತ್ತ. ಲಾರಿ ಪಕ್ಕದ ಕಾಲುವೆಗೆ ಬಿತ್ತು. ನಿಮ್ಮ ತಮ್ಮನನ್ನು ಆಸ್ಪತ್ರೆಗೆ ತಂದಾಗ ಅವನಿಗೆ ಜ್ಞಾನವಿರಲಿಲ್ಲ, ಮೈಯೆಲ್ಲ ಸಾರಾಯಿ ನಾರುತ್ತಿತ್ತು. ಕಾಲುವೆ ದಡದಲ್ಲಿ ಒಂದು ಸಾರಾಯಿ ಬಾಟಲಿಯೂ ಸಿಕ್ಕಿತು. ಹೀಗಾಗಿ ಎರಡು ಆರೋಪ. ಅಜಾಗರೂಕತೆಯಿಂದ ಓಡಿಸಿ ಒಬ್ಬನ ಸಾವಿಗೆ ಕಾರಣನಾದ ಎಂಬುದು ಒಂದು, ಕುಡಿದು ಓಡಿಸಿದ ಎಂಬುದು ಇನ್ನೊಂದು. ಕುಡಿದದ್ದು ರುಜುವಾತಾದರೆ ಯಾವ ಮ್ಯಾಜಿಸ್ಟ್ರೇಟೂ ದಯೆ ತೋರುವುದಿಲ್ಲ. ಎರಡು ವರ್ಷ ಒಳಗೆ, ಲೈಸೆನ್ಸೂ ಹೋಯಿತು.

ಆದರೆ ರುಜುವಾತಾಗುವುದಿಲ್ಲ. ಯಾರೂ ರಕ್ತ ತೆಗೆದು ಪರೀಕ್ಷೆಗೆ ಕಳಿಸಿಲ್ಲ. ಡಾಕ್ಟರು ಮೂಸಿ ನೋಡಿ ಬರೆದಿದ್ದಾರೆ, ಅಷ್ಟೆ. ಬರೀ ಮೂಗಿನ ಮೇಲೆ ಕಟ್ಟಿದ ಕೇಸು ಇದು. ಇಂಥ ಮೂಗುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ದಿನಾ ಬೆಳಿಗ್ಗೆ ಚಂದ್ರವಳ್ಳಿ ಕಡೆ ತಿರುಗಾಡಲು ಹೋಗುತ್ತೇನೆ, ಯಾವ ವಾದವಿದ್ದರೂ ಮೊದಲು ಅಲ್ಲಿನ ಬಂಡೆಗಳಿಗೆ ಒಪ್ಪಿಸುವುದು ನನ್ನ ರೂಢಿ. ಇವತ್ತು ಇದನ್ನು ಒಪ್ಪಿಸಿದೆ. ಒಂದು ಬಂಡೆಯೂ ತುಟಿ ಪಿಟಕ್ಕೆನ್ನಲಿಲ್ಲ.

ಹಾಲಸ್ವಾಮಿ ನಿಮ್ಮೂರ ಬೀರಪ್ಪ ದೇವರ ಪೆಟ್ಟಿಗೆ ಹೊರುವವನಂತೆ. ಅದರ ಕಟ್ಟಳೆ ಏನೆಂದು ವಿವರವಾಗಿ ಬರೆಯಿರಿ. ಇನ್ನೊಂದು ಅಸ್ತ್ರವೂ ನನ್ನ ಬಳಿ ಇದೆ, ಅದನ್ನು ಈಗಲೇ ಹೊರಗೆ ತೆಗೆಯುವುದಿಲ್ಲ.

ಅಂಜನಪ್ಪ


ಯಲ್ಲದಕೆರೆ
20 ಫೆಬ್ರವರಿ 1981

ವಕೀಲ ಅಂಜನಪ್ಪನವರಿಗೆ ಏಕನಾಥಮ್ಮನ ನಮಸ್ಕಾರ.

ತಮ್ಮ ಮನೆಗೆ ಬಂದ. ಆದರೆ ಜಗುಲಿ ಮೇಲೆ ಕೂತು ಮುದ್ದೆ ಮುರಿಯುತ್ತಿಲ್ಲ ಸ್ವಾಮಿ. ಮಗ್ಗದ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿರುತ್ತಾನೆ. ಮಾತಾಡಿಸಿದರೆ "ಹೂಂ ಅಕ್ಕ", "ಇಲ್ಲ ಅಕ್ಕ", ಮುಗಿಯಿತು. ಕಾಲುವೆಗೆ ಬಿದ್ದ ಮೇಲಿನದು ಒಂದೂ ನೆನಪಿಲ್ಲವಂತೆ. ಬೀಳುವ ಮುಂಚಿನದು ಕೇಳಿದರೆ ಎದ್ದು ಹಿತ್ತಲಿಗೆ ಹೋಗುತ್ತಾನೆ.

ನಾನು ಏಳನೇ ಕ್ಲಾಸು ಓದಿದವಳು. ಗಂಡ ಹೋದ ಮೇಲೆ ತವರಿಗೆ ಬಂದು ಕಂಬಳಿ ನೇಯುತ್ತಿದ್ದೇನೆ. ನನ್ನ ಬರವಣಿಗೆಯಲ್ಲಿ ಗಂಟು ಬಿದ್ದಿದ್ದರೆ ನೀವೇ ಬಿಡಿಸಿಕೊಳ್ಳಿ.

ದೇವರ ಪೆಟ್ಟಿಗೆ ವಿಷಯ ಕೇಳಿದ್ದೀರಿ. ಯುಗಾದಿಗೆ ಬೀರಪ್ಪನ ಪೆಟ್ಟಿಗೆಯನ್ನು ಹಳ್ಳಕ್ಕೆ ಹೊತ್ತು ಒಯ್ದು ಗಂಗೆಪೂಜೆ ಮಾಡಿ ತರುತ್ತೇವೆ. ಹೊರುವ ಹೆಗಲು ನಮ್ಮ ಮನೆಯದು. ಅಪ್ಪ ಹೊತ್ತ, ಅವನ ಕಾಲಾನಂತರ ಹಾಲಸ್ವಾಮಿ ಹೊತ್ತ. ಹೊರುವವನು ಸಾರಾಯಿ ಮುಟ್ಟಬಾರದು. ಯುಗಾದಿ ದಿನ ಮಾತ್ರವಲ್ಲ, ಜನ್ಮವಿಡೀ. ಮುಟ್ಟಿದ ಅಂತಾದರೆ ಹೆಗಲು ಹೋಯಿತು, ಅವನ ಮಕ್ಕಳಿಗೂ ಹೋಯಿತು. ನನ್ನ ತಮ್ಮ ಕುಡಿದಿಲ್ಲ. ಇದನ್ನು ನಾನು ಕಂಡಿದ್ದೇನೆ ಅಂತ ಹೇಳುತ್ತಿಲ್ಲ, ನಾನು ಬಲ್ಲೆ ಅಂತ ಹೇಳುತ್ತಿದ್ದೇನೆ. ಆದರೆ ನಮ್ಮ ಹಿರಿಯ ಮಾರಣ್ಣ ಏನಂದ ಗೊತ್ತೇ? "ಕೋರ್ಟು ಏನಂತೈತೋ ನೋಡಾಣ ಕಣವ್ವ. ಅಲ್ಲೀತನಕ ಪೆಟ್ಟಿಗೆ ಬ್ಯಾರೆಯೋರು ಹೊರ್ಲಿ." ಎರಡು ವರ್ಷ ಜೈಲಿಗಿಂತ ಆ ಮಾತು ನಮ್ಮ ಮನೆಗೆ ಭಾರ.

ಇನ್ನೊಂದು ವಿಷಯ. ಆಸ್ಪತ್ರೆಯವರು ಅವನ ಬಟ್ಟೆಯ ಗಂಟು ಕೊಟ್ಟರಲ್ಲ, ಅದರಲ್ಲಿ ಒಂದು ಕಂಬಳಿ ಇದೆ. ಅದು ನಮ್ಮದಲ್ಲ. ನಮ್ಮ ಕಂಬಳಿಗೆ ಅಂಚಿನಲ್ಲಿ ಬಿಳಿ ಎಳೆ ಓಡುತ್ತದೆ, ಇದಕ್ಕಿಲ್ಲ. ಇದರ ಮೂಲೆಗೆ ಕೆಂಪು ದಾರದ ಹೊಲಿಗೆ ಇದೆ. ಸಾರಾಯಿ ನಾತವೂ ಇದೆ, ಎಳೆಮರಿಯ ವಾಸನೆಯೂ ಇದೆ. ಯಾರದೋ ಏನೋ. ಇಂಥ ಚಳಿಯಲ್ಲಿ ಕಂಬಳಿ ಕಳೆದುಕೊಂಡವರು ಏನು ಹೊದೆಯುತ್ತಾರೆ?

ಏಕನಾಥಮ್ಮ


ಚಿತ್ರದುರ್ಗ
26 ಫೆಬ್ರವರಿ 1981

ಏಕನಾಥಮ್ಮನವರೇ,

ಪೆಟ್ಟಿಗೆಯ ವಿಷಯ ಸೊಗಸಾಗಿದೆ. ಮಾರಣ್ಣನನ್ನು ಸಾಕ್ಷಿಗೆ ಸಿದ್ಧ ಮಾಡಿ. ಬಿಳಿ ಪಂಚೆ ಉಟ್ಟು ಬರಲಿ.

ಕಂಬಳಿಯ ವಿಷಯ ಮಾತ್ರ ಇವತ್ತೇ ಮರೆತುಬಿಡಿ. ಸಾರಾಯಿ ನಾರುವ ಕಂಬಳಿಯನ್ನು ಇಟ್ಟುಕೊಂಡು ನಮ್ಮ ಹುಡುಗ ಕುಡಿದಿಲ್ಲ ಎನ್ನುವುದು ಹೇಗೆ? ಪೊಲೀಸರ ಕಣ್ಣಿಗೆ ಅದು ಬೀಳದಿದ್ದುದು ನಮ್ಮ ಪುಣ್ಯ. ಅಟ್ಟದ ಮೇಲೆ ಎಸೆಯಿರಿ. ಆ ಹಟ್ಟಿಯ ಕಡೆ ನೀವಾಗಲಿ ನಿಮ್ಮವರಾಗಲಿ ತಲೆ ಹಾಕಲೇಬೇಡಿ. ಸತ್ತವರ ಕಡೆಯವರ ಹತ್ತಿರ ಆಡಿದ ಒಂದು ಮಾತು ಕೋರ್ಟಿನಲ್ಲಿ ಹತ್ತಾಗಿ ನಿಲ್ಲುತ್ತದೆ.

ಧೈರ್ಯವಾಗಿರಿ. ನಾನಿದ್ದೇನೆ.

ಅಂಜನಪ್ಪ


ಚಿತ್ರದುರ್ಗ
14 ಏಪ್ರಿಲ್ 1981

ಏಕನಾಥಮ್ಮನವರೇ,

ಯುಗಾದಿ ಬಂದು ಹೋಯಿತು, ನಿಮ್ಮಿಂದ ಒಂದು ಸಾಲೂ ಇಲ್ಲ. ನಾನು ಹೇಳಿದಂತೆ ತೆಪ್ಪಗಿದ್ದೀರಿ ಎಂದು ತಿಳಿದು ಸಂತೋಷಪಟ್ಟಿದ್ದೇನೆ. ಇಷ್ಟು ಹೇಳಿದ ಮಾತು ಕೇಳುವ ಕಕ್ಷಿದಾರರು ನನಗೆ ಈಚೆಗೆ ಸಿಕ್ಕಿರಲಿಲ್ಲ.

ಬಹುಮಾನವಾಗಿ ಎರಡನೇ ಅಸ್ತ್ರ ಏನೆಂದು ಹೇಳುತ್ತೇನೆ. ದಡದಲ್ಲಿ ಸಿಕ್ಕ ಬಾಟಲಿ ಹಾಲಸ್ವಾಮಿಯದು ಎಂದು ಪೊಲೀಸರು ಬರೆದಿದ್ದಾರೆ. ಅದು ಕುರಿ ಕಾಯುವವರ ಚೀಲದಿಂದ ಬಿದ್ದದ್ದು ಎಂದು ನಾನು ತೋರಿಸುತ್ತೇನೆ. ಅಂದರೆ? ಕುಡಿದಿದ್ದವನು ಕಾಟಲಿಂಗಪ್ಪ! ನಸುಕಿನಲ್ಲೇ ಏರಿಸಿಕೊಂಡು, ತೂರಾಡುತ್ತಾ ಲಾರಿಗೆ ಅಡ್ಡ ಬಂದ. ಅವನನ್ನು ಉಳಿಸಲು ಹೋಗಿ ನಿಮ್ಮ ತಮ್ಮ ಸ್ಟೇರಿಂಗ್ ಎಳೆದ, ಕಾಲುವೆಗೆ ಬಿದ್ದ. ಜನ ಅವನನ್ನು ದಡಕ್ಕೆ ಎಳೆದು ಹಾಕುವಾಗ ಆ ಬಾಟಲಿಯ ಸಾರಾಯಿ ಮೈಮೇಲೆ ಚೆಲ್ಲಿತು. ಒಂದೇ ಏಟಿಗೆ ಎರಡು ಆರೋಪವೂ ಮಲಗುತ್ತವೆ. ಹಾಲಸ್ವಾಮಿ ಪೂರ್ತಿ ಬಿಡುಗಡೆ.

ಬಂಡೆಗಳು ಚಪ್ಪಾಳೆ ತಟ್ಟದಿದ್ದುದೊಂದು ಕಡಿಮೆ.

ಅಂಜನಪ್ಪ


ಯಲ್ಲದಕೆರೆ
22 ಏಪ್ರಿಲ್ 1981

ವಕೀಲರೇ,

ನಾನು ತೆಪ್ಪಗಿರಲಿಲ್ಲ. ಹಟ್ಟಿಗೆ ಹೋಗಿದ್ದೆ.

ಯುಗಾದಿ ದಿನ ದೇವರ ಪೆಟ್ಟಿಗೆ ಬೇರೆಯವರ ಹೆಗಲೇರಿ ನಮ್ಮ ಬಾಗಿಲ ಮುಂದೆ ಹೋಯಿತು. ಹಾಲಸ್ವಾಮಿ ಒಳಗಿಂದ ಬಂದು ಕೈ ಮುಗಿದ, ಮತ್ತೆ ಒಳಗೆ ಹೋದ. ಎರಡು ವಾರ ತಡೆದುಕೊಂಡೆ, ಆಮೇಲೆ ಆಗಲಿಲ್ಲ. ಅಟ್ಟದ ಮೇಲಿದ್ದ ಕಂಬಳಿ ಇಳಿಸಿ ಮಡಿಸಿದೆ, ತಲೆ ಮೇಲೆ ಇಟ್ಟುಕೊಂಡು ಬಸ್ಸು ಹತ್ತಿದೆ. ಅಪಘಾತ ಆದಲ್ಲಿ ಇದ್ದದ್ದು ಒಂದೇ ಮಂದೆ. ಎಳೆಮರಿಯ ವಾಸನೆ ಬರುವ ಕಂಬಳಿ ಇನ್ಯಾರದು ಆಗಿರಬೇಕು ಹೇಳಿ?

ಹಟ್ಟಿಯ ಬೇಲಿ ಹೊರಗೆ ಮೆಟ್ಟು ಬಿಟ್ಟು ನಿಂತೆ. ನಾನು ಯಾರೆಂದು ಹೇಳಿದ ಕೂಡಲೇ ಗಂಡಸರು ಮುತ್ತಿಕೊಂಡರು. ಕಾಟಲಿಂಗಪ್ಪನ ತಮ್ಮ ಜುಂಜಪ್ಪ ಮುಂದೆ ಬಂದು, "ಯಾಕ್ ಬಂದ್ರಿ? ಇನ್ನೂ ಯಾರಾದ್ರೂ ಉಳ್ದವ್ರಾ ಅಂತ ನೋಡಾಕಾ?" ಅಂದ. ನಾನು ತಲೆ ಮೇಲಿದ್ದ ಕಂಬಳಿ ಇಳಿಸಿ ಚಾಚಿದೆ. ಆಗ ಕುರಿರೊಪ್ಪದೊಳಗಿಂದ ಒಬ್ಬಳು ಎದ್ದು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಕೈಯಲ್ಲಿ ಮರಿ ಇತ್ತು.

"ಅದು ನಂದು. ಕೊಡು ಇಲ್ಲಿ" ಅಂದಳು. ಮೂಸಿ ನೋಡಿದಳು. "ಒಗ್ದಿಲ್ಲ?"

"ನಿಮ್ಮ ಕಂಬ್ಳಿ ನಿಮ್ಮನ್ನ ಕೇಳ್ದೆ ಹೆಂಗೆ ಒಗೀಲವ್ವ?" ಅಂದೆ.

ಅವಳೇ ಗಂಗಕ್ಕ, ಕಾಟಲಿಂಗಪ್ಪನ ಹೆಂಡತಿ. ರೊಪ್ಪದ ಪಕ್ಕ ಕಲ್ಲಿನ ಮೇಲೆ ಕೂರಿಸಿದಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಅವತ್ತು ಗಂಡ, ಮೈದುನ ಮಂದೆಯ ಮುಂದಿದ್ದರು, ಇವಳು ಹಿಂದಿದ್ದಳು. ಲಾರಿ ಬಂತು, ಸದ್ದಾಯಿತು, ಕುರಿಗಳು ಚೆಲ್ಲಾಪಿಲ್ಲಿಯಾದವು. ಇನ್ನೂ ನಸುಕು, ಧೂಳು ಬೇರೆ ಎದ್ದಿದ್ದರಿಂದ ಮುಂದಿನದು ಇವಳಿಗೆ ಕಾಣಲಿಲ್ಲ. ಕಾಣಿಸಿದ್ದು ಕಾಲುವೆಯಲ್ಲಿ ಮುಳುಗೇಳುತ್ತಿದ್ದ ಒಂದು ತಲೆ. ಇಳಿದು ಎಳೆದು ದಡಕ್ಕೆ ಹಾಕಿದಳು. ಮೈ ಮರಗಟ್ಟಿತ್ತು. ಮಾಗಿ ಚಳಿಯಲ್ಲಿ ಹುಟ್ಟಿದ ಮರಿ ಸೆಟೆದುಕೊಂಡರೆ ಇವರು ಸಾರಾಯಿ ಹಾಕಿ ಮೈಯೆಲ್ಲ ಉಜ್ಜುತ್ತಾರಂತೆ, ನಾಲಿಗೆಗೆ ಎರಡು ಹನಿ ಬಿಟ್ಟು ಕಂಬಳಿ ಸುತ್ತುತ್ತಾರಂತೆ. ಮರಿ ಹಾಕುವ ಕಾಲದಲ್ಲಿ ಚೀಲದಲ್ಲಿ ಅದಕ್ಕೇ ಬಾಟಲಿ ಇರುತ್ತದೆ. ನನ್ನ ತಮ್ಮನಿಗೂ ಅದನ್ನೇ ಮಾಡಿದಳು. ಉಜ್ಜಿದಳು, ಬಾಯಿಗೆ ಬಿಟ್ಟಳು, ತನ್ನ ಕಂಬಳಿ ಸುತ್ತಿದಳು. ಇಷ್ಟು ಹೇಳಿ ಮರಿಯನ್ನು ತೊಡೆ ಮೇಲೆ ಎಳೆದುಕೊಂಡಳು. ಮುಂದಿನದನ್ನು ನಾನು ಕೇಳಲಿಲ್ಲ. ಕೇಳಲು ಯಾವ ಬಾಯಿ ಇದೆ ನನಗೆ?

ಪೊಲೀಸರಿಗೆ ಯಾಕೆ ಹೇಳಲಿಲ್ಲ ಅಂದೆ. "ಯಾರೂ ಕೇಳ್ಲಿಲ್ಲ. ಗಂಡನ್ ಹೆಸ್ರು ಕೇಳಿದ್ರು, ಹೆಬ್ಬೆಟ್ಟು ಒತ್ತಿಸ್ಕಂಡ್ರು, ಹೋದ್ರು" ಅಂದಳು. ಹಾಲಸ್ವಾಮಿಗೆ ಕುಡುಕ ಅನ್ನೋ ಆರೋಪ ಬಂದಿದೆ ಅಂತ ನನ್ನಿಂದಲೇ ಅವಳಿಗೆ ಗೊತ್ತಾಗಿದ್ದು. ಮರಿಯ ಕಿವಿ ಸವರಿದಳು. ಆಮೇಲೆ ಅಂದಳು: "ಕೊಂದೋನು ಅನ್ನೋದು ಅವನ ಪಾಲು, ಅದನ್ನ ನಾನು ತಗಿಯಲ್ಲ. ಕುಡುಕ ಅನ್ನೋದು ನನ್ನ ಬಾಟ್ಲಿಯಿಂದ ಬಂದದ್ದು. ಅದನ್ನ ಬಂದು ಹೇಳ್ತೀನಿ. ಆದ್ರೆ ಕುಡೀದೇ ಇದ್ದೋನು ಯಾಕೆ ಗುದ್ದಿದ? ಅದು ಅವನ ಬಾಯಿಂದ ಬರಬೇಕು."

ಮನೆಗೆ ಬಂದು ತಮ್ಮನ ಎದುರು ಕೂತು ಎಲ್ಲ ಹೇಳಿದೆ. ಮೊದಲ ಸಲ ಅವನು ಅತ್ತ. "ಕುಡಿದಿರ್ಲಿಲ್ಲ ಅಕ್ಕ. ಕಣ್ಣು ಮುಚ್ಚಿತ್ತು. ಎರಡು ರಾತ್ರಿಯಿಂದ ನಿದ್ದೆ ಇರ್ಲಿಲ್ಲ, ಲೋಡು ಬೇಗ ಮುಟ್ಟಿಸು ಅಂದಿದ್ರು. ಕಣ್ಣು ಬಿಟ್ಟಾಗ ಮುಂದೆ ಬರೀ ಕುರಿ."

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಹಟ್ಟಿಯಿಂದ ಬರುವಾಗ ಬಸ್ ಸ್ಟಾಪಿನ ಸಾರಾಯಿ ಅಂಗಡಿ ಮುಂದೆ ಯಾರು ಕಂಡರು ಹೇಳಿ? ನಿಮ್ಮ ಗುಮಾಸ್ತ ಸಣ್ಣತಿಮ್ಮಪ್ಪ! ಕಾಟಲಿಂಗಪ್ಪ ವಾರಕ್ಕೆ ಎಷ್ಟು ಬಾಟಲಿ ಒಯ್ಯುತ್ತಿದ್ದ ಅಂತ ಅಂಗಡಿಯವನನ್ನು ಕೇಳುತ್ತಾ ನಿಂತಿದ್ದ. ಮನೆಗೆ ಬಂದರೆ ನಿಮ್ಮ ಬಹುಮಾನದ ಕಾಗದ ಕಾಯುತ್ತಿತ್ತು. ನನ್ನ ತಮ್ಮನ ಜೀವ ಉಳಿಸಿದ ಬಾಟಲಿಯಿಂದಲೇ ಆ ಹೆಣ್ಣುಮಗಳ ಗಂಡನನ್ನು ಕುಡುಕ ಮಾಡುತ್ತೀರಾ? ಆ ವಾದ ಬಿಡಿ. ತಮ್ಮ ಕಣ್ಣು ಮುಚ್ಚಿದ್ದನ್ನು ಒಪ್ಪಿಕೊಳ್ಳುತ್ತಾನೆ. ಕುಡಿದದ್ದನ್ನು ಒಪ್ಪುವುದಿಲ್ಲ.

ಏಕನಾಥಮ್ಮ


ಚಿತ್ರದುರ್ಗ
2 ಮೇ 1981

ಏಕನಾಥಮ್ಮನವರೇ,

ಹೇಳಿದ ಮಾತು ಕೇಳುವ ಕಕ್ಷಿದಾರರು ಸಿಕ್ಕರು ಎಂದು ಬರೆದಿದ್ದೆ. ಆ ಸಾಲು ಹೊಡೆದುಹಾಕಿ.

ನೀವು ಕೈಯಾರೆ ಏನು ಮಾಡಿಕೊಂಡಿದ್ದೀರಿ ಗೊತ್ತೇ? ನಿದ್ದೆ ಬಂತು ಎನ್ನುವುದು ಕಾನೂನಿನ ಮುಂದೆ ನೆಪವಲ್ಲ, ತಪ್ಪೊಪ್ಪಿಗೆ. ನಿದ್ದೆ ಬರುತ್ತಿದ್ದರೆ ಲಾರಿ ಪಕ್ಕಕ್ಕೆ ನಿಲ್ಲಿಸಬೇಕಿತ್ತು. ನನ್ನ ದಾರಿಯಲ್ಲಿ ಹೋದರೆ ಹಾಲಸ್ವಾಮಿ ಹೂವೆತ್ತಿದಂತೆ ಬಿಡುಗಡೆಯಾಗಿ ಮನೆಗೆ ಬರುತ್ತಾನೆ. ನಿಮ್ಮ ದಾರಿಯಲ್ಲಿ ಹೋದರೆ ಕುಡುಕ ಎಂಬ ಹೆಸರು ಹೋಗಬಹುದು, ಜೈಲು ಮಾತ್ರ ಕಟ್ಟಿಟ್ಟದ್ದು. ಅದೂ ಆ ಹೆಣ್ಣುಮಗಳು ಬಂದು ಹೇಳಿದರೆ! ಹಟ್ಟಿಯವರು ಅವಳನ್ನು ಬಿಡುತ್ತಾರೆಯೇ? ಗಂಡನನ್ನು ಕೊಂದವನ ಪರ ಸಾಕ್ಷಿ ಹೇಳಲು ಬಂದು ಕಟಕಟೆಯಲ್ಲಿ ಮನಸ್ಸು ತಿರುಗಿಸಿದರೆ? ನನ್ನ ಜನ್ಮದಲ್ಲಿ ಇಂಥ ಸಾಕ್ಷಿಯನ್ನು ನಂಬಿ ಕೇಸು ನಡೆಸಿಲ್ಲ.

ಸಣ್ಣತಿಮ್ಮಪ್ಪನನ್ನು ಕಳಿಸಿದ್ದು ನಾನೇ. ಅದು ನನ್ನ ವೃತ್ತಿ. ಅದಕ್ಕೆ ನಾಚಿಕೆಪಡುವುದಿಲ್ಲ.

ಅಂಜನಪ್ಪ


ಯಲ್ಲದಕೆರೆ
7 ಮೇ 1981

ವಕೀಲರೇ,

ನಿಮ್ಮ ದಾರಿಯಲ್ಲಿ ಬಿಡುಗಡೆಯಾಗಿ ಬಂದರೆ ತಮ್ಮ ಎಲ್ಲಿಗೆ ಬರುತ್ತಾನೆ ಹೇಳಿ? ಅದೇ ಗೋಡೆಯ ಮುಂದಕ್ಕೆ. ನಾನು ಹಾಲಸ್ವಾಮಿಯನ್ನೇ ಕರೆದು ಕೇಳಿದೆ. "ಜೈಲು ಆಗ್ಲಿ ಅಕ್ಕ. ಆಯಪ್ಪನ್ನ ಕುಡುಕ ಅನ್ಸಿ ನಾನು ಪೆಟ್ಟಿಗೆಗೆ ಹೆಗಲು ಕೊಡಾಕಾಗಲ್ಲ" ಅಂದ.

ವಕೀಲಿ ನಿಮ್ಮದು, ಕೇಸು ನಮ್ಮದು. ಆಗುತ್ತದೆ ಅನ್ನಿ, ಇಲ್ಲ ಫೈಲು ವಾಪಸ್ ಕಳಿಸಿ. ಹಿರಿಯೂರಲ್ಲಿ ಇನ್ನೊಬ್ಬರು ಸಿಗುತ್ತಾರೆ.

ಏಕನಾಥಮ್ಮ


ಚಿತ್ರದುರ್ಗ
19 ಜುಲೈ 1981

ಏಕನಾಥಮ್ಮನವರೇ,

ಇಷ್ಟು ದಿನ ಬರೆಯಲಿಲ್ಲ. ಸಿಟ್ಟು ಬಂದಿತ್ತು. ಫೈಲು ಕಳಿಸಿಬಿಡೋಣ ಎಂದು ಕಟ್ಟಿಸಿಯೂ ಇಟ್ಟಿದ್ದೆ. ಕಳಿಸುವ ಮುಂಚೆ ಕೊನೆಯ ಸಲ ನೋಡೋಣವೆಂದು ದಾರ ಬಿಚ್ಚಿದೆ. ಡಾಕ್ಟರು ಬರೆದದ್ದನ್ನು ಮತ್ತೆ ಓದಿದೆ. ಮೊದಲೂ ಓದಿದ್ದೆ, ನನ್ನದೇ ವಾದದ ಗುಂಗಿನಲ್ಲಿ ಮುಂದಕ್ಕೆ ಹಾರಿದ್ದೆ. ಏನು ಬರೆದಿದ್ದಾರೆ ಗೊತ್ತೇ? ಸಾರಾಯಿಯ ವಾಸನೆ ಬಾಯಿ, ಎದೆ, ಬೆನ್ನು, ಅಂಗಾಲುಗಳಿಂದ ಬರುತ್ತಿದೆ!

ಅಂಗಾಲು! ಅಯ್ಯೋ ನನ್ನ ತಾಯೇ, ಯಾವ ಕುಡುಕನ ಅಂಗಾಲು ನಾರುತ್ತದೆ? ಗಂಗಕ್ಕನ ಮಾತಿಗೆ ಸರ್ಕಾರದ ಡಾಕ್ಟರೇ ಸಾಕ್ಷಿ ಬರೆದಿಟ್ಟಿದ್ದಾರೆ. ಚಂದ್ರವಳ್ಳಿಗೆ ಓಡಿದೆ, ಹೊಸ ವಾದ ಒಪ್ಪಿಸಿದೆ. ಪಕ್ಕದಲ್ಲಿ ಮೇಕೆ ಮೇಯಿಸುತ್ತಿದ್ದ ಮುದುಕ "ಏನಪ್ಪ, ಸರಿ ಇದ್ದೀಯಾ?" ಎಂದು ಕೇಳಿದ. ಇಷ್ಟು ಸರಿ ನಾನು ಎಂದೂ ಇರಲಿಲ್ಲ.

ಕಾಟಲಿಂಗಪ್ಪನ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಹಾಲಸ್ವಾಮಿ ಮೊದಲನೇ ಆರೋಪ ಒಪ್ಪಿಕೊಳ್ಳಲಿ. ಎರಡನೆಯದನ್ನು ನಾನು ನೆಲಕ್ಕೆ ಕೆಡವುತ್ತೇನೆ. ಕೆಡವದಿದ್ದರೆ ಕರಿ ಕೋಟು ಬಿಚ್ಚಿ ಹೊಳಲ್ಕೆರೆಯಲ್ಲಿ ನಮ್ಮಪ್ಪ ಬಿಟ್ಟ ಹೊಲ ಉಳುತ್ತೇನೆ. ಗಂಗಕ್ಕನಿಗೆ ಕೋರ್ಟಿನಿಂದ ಸಮನ್ಸ್ ಹೋಗುತ್ತದೆ. ಅವರು ಏನು ಹೇಳಬೇಕು, ಎಷ್ಟು ಹೇಳಬೇಕು ಎಂದು ಬರೆದು ಇದರ ಜೊತೆ ಇಟ್ಟಿದ್ದೇನೆ. ಓದಿ ಹೇಳಿ ಬಾಯಿಪಾಠ ಮಾಡಿಸಿ.

ಅಂಜನಪ್ಪ


ಯಲ್ಲದಕೆರೆ
30 ಅಕ್ಟೋಬರ್ 1981

ವಕೀಲರೇ,

ಸಮನ್ಸ್ ಹಟ್ಟಿಗೆ ಮುಟ್ಟಿದೆ. ನೀವು ಬರೆದುಕೊಟ್ಟ ಹಾಳೆ ವಾಪಸ್ ಕಳಿಸುತ್ತಿದ್ದೇನೆ. ಗಂಗಕ್ಕನಿಗೆ ಓದಿ ಹೇಳಿದೆ. ಕೊನೆ ತನಕ ಕೇಳಿ, "ಉಜ್ಜಿದೋಳು ನಾನು, ಹೇಳೋದನ್ನ ಆಯಪ್ಪ ಕಲಿಸ್ತಾನಾ?" ಅಂದಳು.

ಹಟ್ಟಿಯಲ್ಲಿ ಕೂಟ ಸೇರಿತ್ತಂತೆ. ಜುಂಜಪ್ಪ ಅತ್ತಿಗೆಯ ಹತ್ತಿರ ಮಾತು ಬಿಟ್ಟಿದ್ದಾನೆ. ಅವಳು ಹೋಗುವುದಾದರೆ ಹೋಗಲಿ, ಹಟ್ಟಿಯಿಂದ ಯಾರೂ ಜೊತೆಗೆ ಬರುವುದಿಲ್ಲ, ಅವತ್ತು ಮಂದೆಯನ್ನೂ ನೋಡುವುದಿಲ್ಲ ಅಂತ ತೀರ್ಮಾನ ಆಯಿತಂತೆ. ಅವಳಿಗೆ ಮಕ್ಕಳಿಲ್ಲ. ಕಾಟಲಿಂಗಪ್ಪ ಹೋದ ಮೇಲೆ ಒಬ್ಬಳೇ ಕುರಿ ಕಾಯುತ್ತಿದ್ದಾಳೆ. "ಬರಾಕೆ ನಂದೇನಿಲ್ಲ. ಕುರಿ ಯಾರ್ ಮೇಸ್ತಾರೆ?" ಅಂದಳು.

ನಾನು ಮೇಯಿಸುತ್ತೇನೆ ಅಂದೆ. ಮೇಲಿಂದ ಕೆಳಗೆ ನೋಡಿದಳು. "ನಿಂಗೆ ಬರ್ತೈತಾ?" ಅಂದಳು. ನಾನೂ ಕುರುಬರ ಹೆಣ್ಣೇ ಕಣವ್ವ, ಲಗ್ನ ಆಗೋ ತನಕ ಮಂದೆ ಹಿಂದೇನೇ ಬೆಳೆದಿದ್ದು ಅಂದೆ. ಒಂದು ಸಲ ಕೂಗು ಹಾಕಿ ತೋರಿಸು ಅಂದಳು. ಹಾಕಿದೆ. ಕುರಿಗಳು ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿದವು. "ಪರ್ವಾಗಿಲ್ಲ, ಒಂದಿನಕ್ಕೆ ಆಗ್ತೈತೆ" ಅಂದಳು.

ಹಾಗಾಗಿ ವಿಚಾರಣೆ ದಿನ ನಾನು ಕೋರ್ಟಿನಲ್ಲಿರುವುದಿಲ್ಲ. ಅಲ್ಲಿ ಏನು ನಡೆಯಿತು ಅಂತ ಒಂದೂ ಬಿಡದೆ ಬರೆಯಬೇಕು. ನಿಮ್ಮ ಶೌರ್ಯ ಸ್ವಲ್ಪ ಕಡಿಮೆ ಬರೆದರೂ ನಡೆಯುತ್ತದೆ.

ಏಕನಾಥಮ್ಮ


ಚಿತ್ರದುರ್ಗ
27 ನವೆಂಬರ್ 1981

ಏಕನಾಥಮ್ಮನವರೇ,

ಹಾಲಸ್ವಾಮಿ ಕುಡಿದಿರಲಿಲ್ಲ ಎಂದು ಕೋರ್ಟು ಹೇಳಿದೆ. ಅಜಾಗರೂಕತೆಗೆ ಆರು ತಿಂಗಳು ಸಜೆ. ಪೊಲೀಸರ ಜೊತೆ ಹೋಗುವಾಗ ತಲೆ ಎತ್ತಿಕೊಂಡೇ ಹೋದ. ಇದಿಷ್ಟು ಮೊದಲು ಹೇಳಿದರೆ ಉಳಿದದ್ದನ್ನು ನೀವು ನಿಧಾನವಾಗಿ ಓದುತ್ತೀರಿ.

ಬೆಳಿಗ್ಗೆ ಡಾಕ್ಟರ ಸರದಿ. ನನ್ನ ಶೌರ್ಯ ಕಡಿಮೆ ಬರೆಯಲು ಹೇಳಿದ್ದೀರಿ, ಇಲ್ಲಿ ಮಾತ್ರ ಆಗುವುದಿಲ್ಲ. "ಡಾಕ್ಟ್ರೇ, ಮನುಷ್ಯ ಸಾರಾಯಿ ಯಾವುದರಿಂದ ಕುಡೀತಾನೆ?" ಎಂದೆ. "ಬಾಯಿಂದ" ಎಂದರು. "ಅಂಗಾಲಿಂದ ಕುಡಿದವರನ್ನ ತಮ್ಮ ಸರ್ವೀಸಲ್ಲಿ ನೋಡಿದ್ದೀರಾ?" ಇಡೀ ಕೋರ್ಟು ನಕ್ಕಿತು. ಮ್ಯಾಜಿಸ್ಟ್ರೇಟರು ಕರ್ಚೀಫು ಬಾಯಿಗೆ ಹಿಡಿದರು. ಡಾಕ್ಟರೂ ನಕ್ಕು, ಮೈಗೆ ಹಚ್ಚಿದ್ದಿರಬಹುದು ಎಂದು ಒಪ್ಪಿಕೊಂಡರು. ನಾನು ಬೀಗಿಕೊಂಡು ಕೂತೆ.

ಮಧ್ಯಾಹ್ನ ಗಂಗಕ್ಕ ಬಂದರು. ಒಬ್ಬರೇ ಬಸ್ಸಿಳಿದು, ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದರು. ಹೆಗಲ ಮೇಲೆ ಅದೇ ಕಂಬಳಿ. ನಾನು ಕೇಳಿದ್ದಕ್ಕೆಲ್ಲ ನಿಮಗೆ ಹೇಳಿದಂತೆಯೇ ಹೇಳಿದರು. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಮ್ಮಿಯಿಲ್ಲ. ನನ್ನ ಹಾಳೆ ವಾಪಸ್ ಬಂದದ್ದು ಒಳ್ಳೆಯದೇ ಆಯಿತು.

ಸರ್ಕಾರಿ ವಕೀಲರು ಎದ್ದರು. ಸುಮ್ಮನೆ ಬಿಡುವವರಲ್ಲ ಅವರು. "ಆರೋಪಿ ಕಡೆಯವರು ನಿನಗೆ ಏನು ಕೊಟ್ಟರು?" ಎಂದರು.

"ಈವತ್ತು ನನ್ನ ಕುರಿ ಕಾಯ್ತಾವ್ರೆ."

"ಅಷ್ಟೇನಾ?"

"ಅಷ್ಟೇ ಅಂದ್ರೆ ಏನ್ ಸ್ವಾಮಿ? ನೀವೊಂದಿನ ಕಾಯಾಕೆ ಬರ್ರಿ, ಗೊತ್ತಾಗ್ತೈತೆ."

ಮತ್ತೆ ನಗು. ಸರ್ಕಾರಿ ವಕೀಲರ ಮುಖ ಕೆಂಪಾಯಿತು. "ಇವನನ್ನ ದಡಕ್ಕೆ ಎಳೆದಾಗ ನಿನ್ನ ಗಂಡ ಸತ್ತಿದ್ದು ಗೊತ್ತಿತ್ತಾ?"

"ಇಲ್ಲ. ಮುಂದೆ ಕುರಿ ಅಟ್ಕಂತಾವ್ನೆ ಅಂದ್ಕಂಡಿದ್ದೆ."

"ಗೊತ್ತಿದ್ದಿದ್ರೆ ಉಜ್ಜುತ್ತಿದ್ದೆಯಾ?"

ನಾನು ಎದ್ದು ಆಕ್ಷೇಪಿಸಬೇಕಿತ್ತು. ಏಳಲಿಲ್ಲ. ಗಂಗಕ್ಕ ಹಾಲಸ್ವಾಮಿಯ ಕಡೆ ತಿರುಗಿ ನೋಡಿದರು. ಅವರು ಅವನ ಮುಖ ನೋಡಿದ್ದು ಅವತ್ತು ಅದೇ ಮೊದಲು.

"ಇಲ್ಲ" ಎಂದರು. "ಕಾಲುವೇಲೇ ಬಿಡ್ತಿದ್ದೆ."

ಸರ್ಕಾರಿ ವಕೀಲರು ಗೆದ್ದವರಂತೆ ಕೂತರು. ಆಗ ಮ್ಯಾಜಿಸ್ಟ್ರೇಟರು ತಾವೇ ಕೇಳಿದರು, "ಮತ್ತೆ ಯಾವಾಗ ಗೊತ್ತಾಯ್ತಮ್ಮ?"

"ಉಜ್ಜೋವಾಗ್ಲೇ ಸ್ವಾಮಿ. ಮೈದುನ ಓಡಿ ಬಂದು ಹೇಳ್ದ. ಆವಾಗ ಎದೆ, ಬೆನ್ನು ಆಗಿತ್ತು. ಕಾಲು ಬಾಕಿ ಇತ್ತು."

"ಆಮೇಲೆ?"

"ಕಾಲೂ ಉಜ್ಜಿದೆ. ಅರ್ಧಕ್ಕೆ ಬಿಟ್ರೆ ಉಳಿಯಲ್ಲ ಸ್ವಾಮಿ. ಉಜ್ಜಿ, ಕಂಬಳಿ ಸುತ್ತಿ, ಆಮೇಲೆ ಹೋಗಿ ನನ್ನ ಗಂಡನ್ನ ನೋಡ್ದೆ."

ಏಕನಾಥಮ್ಮನವರೇ, ಬೆಳಿಗ್ಗೆ ಅಂಗಾಲಿನ ಮಾತು ಹೇಳಿ ನಾನು ಕೋರ್ಟನ್ನು ನಗಿಸಿದ್ದೆ. ಆ ಅಂಗಾಲಿಗೆ ಸಾರಾಯಿ ಬಿದ್ದದ್ದು ಗಂಡ ಸತ್ತ ಸುದ್ದಿ ಕಿವಿಗೆ ಬಿದ್ದ ಮೇಲೆ! ಡಾಕ್ಟರ ಕಾಗದದಲ್ಲಿ ನಿಮ್ಮ ತಮ್ಮನನ್ನು ಉಳಿಸಿದ ಸಾಲು ಯಾವುದೋ, ಅದೇ ಸಾಲು. ಮಾತಾಡಿ ಹೊಟ್ಟೆ ಹೊರೆಯುವವನು ನಾನು, ನನಗೆ ಕೊನೆಯ ವಾದ ಮಾಡಲು ಬಾಯಿ ಬರಲಿಲ್ಲ. "ಹೇಳುವುದು ಏನೂ ಇಲ್ಲ" ಎಂದು ಕೂತೆ. ಮ್ಯಾಜಿಸ್ಟ್ರೇಟರು ಅದನ್ನೇ ಬರೆದುಕೊಂಡು, ಅವತ್ತೇ ತೀರ್ಪನ್ನೂ ಓದಿದರು.

ಹಾಲಸ್ವಾಮಿ ಕಟಕಟೆಯಲ್ಲೇ ನೆಲಕ್ಕೆ ಹಣೆ ಹಚ್ಚಿದ. ಗಂಗಕ್ಕ ನೋಡಲಿಲ್ಲ, ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಸಣ್ಣತಿಮ್ಮಪ್ಪ ಹಿಂದೆಯೇ ಓಡಿ ಅವರಿಗೆ ಸೀಟು ಹಿಡಿದುಕೊಟ್ಟು ಬಂದ. ನಾನು ಹೇಳಿ ಕಳಿಸಿದ್ದಲ್ಲ.

ಅಂಜನಪ್ಪ


ಯಲ್ಲದಕೆರೆ
24 ಡಿಸೆಂಬರ್ 1981

ಅಂಜನಪ್ಪನವರಿಗೆ,

ನಿಮ್ಮ ಕಾಗದ ಓದುವುದಕ್ಕೆ ಮುಂಚೆ ನನಗೆ ಕಾಲಿನ ವಿಷಯ ಗೊತ್ತಿರಲಿಲ್ಲ. ಅವತ್ತು ಸಾಯಂಕಾಲ ಗಂಗಕ್ಕ ಬಸ್ಸಿಳಿದು ಬಂದಾಗ ನಾನು ಮಂದೆಯನ್ನು ರೊಪ್ಪಕ್ಕೆ ಕೂಡುತ್ತಿದ್ದೆ. ಒಂದು ಕುರಿ ಕುಂಟುತ್ತಿತ್ತು, ಅದಕ್ಕೆ ನನ್ನನ್ನು ಚೆನ್ನಾಗಿ ಬೈದಳು. ಕೋರ್ಟಿನ ಮಾತು ಕೇಳಿದರೆ "ಆರು ತಿಂಗಳು ಅಂದ್ರು" ಅಂದಳು, ಅಷ್ಟೆ. ಮುದ್ದೆ ಹಾಕಿ ಉಣ್ಣು ಅಂದಳು. ಉಂಡೆ.

ಮಾರಣ್ಣ ಮನೆಗೆ ಬಂದಿದ್ದ. "ಜೈಲು ಮುಗಿಸ್ಕಂಡು ಬರ್ಲಿ. ಪೆಟ್ಟಿಗೆ ಅವನ ಹೆಗಲಿಗೇ ಕಾಯ್ತೈತೆ" ಅಂದ. ಇದನ್ನು ತಮ್ಮನಿಗೆ ತಿಳಿಸಿ. ಹಾಗೇ ಹಟ್ಟಿಯವರು ಗಂಗಕ್ಕನ ಜೊತೆ ಇನ್ನೂ ಸರಿಹೋಗಿಲ್ಲ. ಅವರು ಸರಿಹೋಗುವ ತನಕ ವಾರಕ್ಕೊಂದು ಸಲ ಸಂತೆಯ ದಿನ ನಾನೇ ಹೋಗಿ ಮಂದೆ ಕಾಯುತ್ತಿದ್ದೇನೆ. ಈಗ ನನ್ನ ಕೂಗಿಗೆ ಕುರಿಗಳು ತಿರುಗುತ್ತವೆ.

ಈ ಕಾಗದ ತರುವವರ ಕೈಯಲ್ಲಿ ಒಂದು ಗಂಟು ಕಳಿಸಿದ್ದೇನೆ, ಬಿಚ್ಚಿ ನೋಡಿ. ಮೂಲೆಗೆ ಕೆಂಪು ಹೊಲಿಗೆ ಇರುವ ಕಂಬಳಿ. ಮೊನ್ನೆ ನಾನು ಹೊರಡುವಾಗ ಗಂಗಕ್ಕ ತಂದು ನನ್ನ ತಲೆ ಮೇಲೆ ಇಟ್ಟಳು. "ಮಾಗಿ ಬಂತು. ಜೈಲಲ್ಲಿ ಕಲ್ಲು ಹಾಸು ಇರ್ತೈತಂತೆ. ಅವನಿಗೆ ಕೊಡು" ಅಂದಳು. ನನ್ನ ಕಣ್ಣಲ್ಲಿ ನೀರು ಬಂದಿದ್ದು ನೋಡಿ ಗದರಿದಳು: "ಅಳಬ್ಯಾಡ. ಸಿಟ್ಟು ಹೋಗಿಲ್ಲ ನಂದು. ಚಳಿಗೆ ಕೊಡ್ತಿರೋದು."

ಜೈಲಿನವರು ಹೊರಗಿನ ಕಂಬಳಿ ಒಳಗೆ ಬಿಡುವುದಿಲ್ಲ ಅಂತ ಕೇಳಿದ್ದೇನೆ. ವಾದ ಮಾಡಿ. ನಿಮ್ಮ ಬಂಡೆಗಳಿಗೆ ಒಪ್ಪಿಸಿ ಹೋದರೂ ಸರಿ, ಹಾಗೇ ಹೋದರೂ ಸರಿ. ಇದು ಹಾಲಸ್ವಾಮಿಯ ಮೈಮೇಲೆ ಬಿದ್ದ ಸುದ್ದಿ ಬಂದ ಮೇಲೆಯೇ ನಿಮ್ಮ ಕೇಸು ಮುಗಿಯಿತು ಅಂತ ನಾನು ಒಪ್ಪುವುದು.

ಒಗೆದಿಲ್ಲ. ಅವಳನ್ನು ಕೇಳಿದೆ, ಬೇಡ ಅಂದಳು.

ಏಕನಾಥಮ್ಮ